ತನ್ನನ್ನು ತಾನೇ ಸಿಡಿಸಿಕೊಳ್ಳುವ ನೌಕೆ

(ಬೀದರ್‌ನಲ್ಲಿ ವಿಜ್ಞಾನ ಕಥೆಗಳನ್ನು ಓದುವ, ಬರೆಯುವ ಗೆಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ,

ಅಂತರಿಕ್ಷ ಯುದ್ಧದ ಕಥೆಗಳಲ್ಲಿ ಈ ಘಟ್ಟ ಬಂದೇ ಬರುತ್ತದೆ. ನೌಕೆ ಸೋತಿದೆ. ಶತ್ರುಗಳು ಬಾಗಿಲು ಮುರಿದು ಒಳಗೆ ನುಗ್ಗಿದ್ದಾರೆ. ಕಪ್ತಾನ ಹಲ್ಲು ಕಚ್ಚಿ ಒಂದು ಸಂಕೇತವನ್ನು ಉಚ್ಚರಿಸುತ್ತಾನೆ. ಕೆಂಪು ದೀಪಗಳು ಮಿನುಗುತ್ತವೆ, ಯಂತ್ರದ ಧ್ವನಿಯೊಂದು ಬಹಳ ಸಮಾಧಾನದಿಂದ "ಇನ್ನು ಹತ್ತು ನಿಮಿಷ" ಎನ್ನುತ್ತದೆ. ಆ ಹತ್ತು ನಿಮಿಷ ಓದುಗರಿಗೆ ಉಸಿರು ಬಿಗಿಹಿಡಿಯುವ ಸಮಯ. ಬರೆಯುವವರಿಗೆ ಪುಟ ತುಂಬುವ ಸಮಯ. ಇವತ್ತು ನಾನು ಕೇಳಬೇಕೆಂದಿರುವ ಪ್ರಶ್ನೆ ಅರಸಿಕರದ್ದು: ನೌಕೆ ಕಟ್ಟಿದ ಎಂಜಿನಿಯರ್ ಅದನ್ನೇ ಸಿಡಿಸುವ ಈ ಗುಂಡಿಯನ್ನು ಏಕೆ ಇಟ್ಟ? ಇಡುವಂತೆ ಹೇಳಿದ ನೌಕಾಪಡೆಗೆ ಅದರಿಂದ ಏನು ಸಿಕ್ಕಿತು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರಿರುವ ಯುದ್ಧನೌಕೆಗೆ ಇಂಥ ವ್ಯವಸ್ಥೆ ದಂಡ. ಶತ್ರುವಿಗೆ ಸಿಗಬಾರದ್ದು ನೌಕೆಯ ಕಬ್ಬಿಣವಲ್ಲ, ಅದರೊಳಗಿನ ಗುಟ್ಟು. ಗುಟ್ಟನ್ನು ಅಳಿಸಲು ಹೊರಟವರು ಕಬ್ಬಿಣ ಸಿಡಿಸುವುದರಲ್ಲಿ ಮುಳುಗಿ, ಗುಟ್ಟನ್ನೇ ಶತ್ರುವಿನ ಕೈಗೆ ಕೊಟ್ಟ ಉದಾಹರಣೆ ಇತಿಹಾಸದಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನೌಕೆಯನ್ನು ಸಿಡಿಸುವುದು ಕಷ್ಟದ ಕೆಲಸ, ಅದಕ್ಕೆ ವಿಶೇಷ ಯಂತ್ರ ಬೇಕು ಎಂದು ಕಥೆಗಾರರು ಭಾವಿಸಿದಂತಿದೆ. ಹಾಗಲ್ಲ ಎನ್ನುವುದನ್ನು ಬೀದರ್‌ನಲ್ಲಿ ವಿವರಿಸುವುದು ಸುಲಭ. 1657ರಲ್ಲಿ, ಆಗಿನ್ನೂ ರಾಜಕುಮಾರನಾಗಿದ್ದ ಔರಂಗಜೇಬನ ಸೇನೆ ನಮ್ಮ ಕೋಟೆಗೆ ಮುತ್ತಿಗೆ ಹಾಕಿತ್ತು. ಕಿಲ್ಲೇದಾರ ಸಿದ್ದಿ ಮರ್ಜಾನ್ ಬುರುಜಿನ ಬಳಿ ನಿಂತು ಕಾದುತ್ತಿದ್ದಾಗ ಹೊರಗಿನಿಂದ ಬಂದ ಬೆಂಕಿ ಅಲ್ಲೇ ಕೂಡಿಟ್ಟಿದ್ದ ಮದ್ದಿಗೆ ತಗುಲಿತು. ಆ ಸ್ಫೋಟದಲ್ಲಿ ಆದ ಗಾಯಗಳಿಂದ ಅವನು ಸತ್ತ, ಕೋಟೆ ಕೈಬಿಟ್ಟಿತು. ಸುಮಾರು 40 ವರ್ಷ ಕಳೆದ ಮೇಲೆ, 1696ರಲ್ಲಿ, ಮಹಮೂದ್ ಗಾವಾನನ ಮದರಸಾ ಮದ್ದಿನ ಸ್ಫೋಟಕ್ಕೆ ಸಿಕ್ಕಿತು. 1472ರಲ್ಲಿ ಕಟ್ಟಿ ಮುಗಿಸಿದ ವಿದ್ಯಾಲಯವದು. ಮುಂಭಾಗದ ಎರಡು ಮಿನಾರುಗಳಲ್ಲಿ ಇಂದು ಒಂದು ಮಾತ್ರ ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಬಣ್ಣದ ಹೆಂಚುಗಳ ಕೆಲಸದಲ್ಲಿ ಎಷ್ಟು ಉಳಿದಿದೆ ಎನ್ನುವುದನ್ನೂ ನೋಡಿದ್ದೀರಿ. ಎರಡೂ ಕಡೆ ಯಾರೂ ಗುಂಡಿ ಒತ್ತಲಿಲ್ಲ.

ಸಮುದ್ರದ ಯುದ್ಧನೌಕೆಯೂ ಅಷ್ಟೇ. ಅದು ಮದ್ದಿನ ಮನೆಯ ಸುತ್ತ ಕಟ್ಟಿದ ತೇಲುವ ಕೋಟೆ. 1916ರ ಮೇ 31ರಂದು ಜಟ್‌ಲ್ಯಾಂಡ್ ಕದನದಲ್ಲಿ ಬ್ರಿಟನ್ನಿನ ಮೂರು ದೊಡ್ಡ ಯುದ್ಧನೌಕೆಗಳು ಒಂದೇ ದಿನ ಹೀಗೆ ಸಿಡಿದುಹೋದವು. ಬೇಗ ಬೇಗ ಗುಂಡು ಹಾರಿಸಬೇಕೆಂಬ ಆತುರದಲ್ಲಿ ನಾವಿಕರು ಮದ್ದಿನ ಚೀಲಗಳನ್ನು ಹೊರಗೆ ಪೇರಿಸಿಟ್ಟು, ಬೆಂಕಿ ತಡೆಯುವ ಬಾಗಿಲುಗಳನ್ನು ತೆರೆದಿಟ್ಟಿದ್ದು ಇದಕ್ಕೆ ಒಂದು ದೊಡ್ಡ ಕಾರಣ. 1941ರ ಮೇ 24ರಂದು ಹುಡ್ ಎಂಬ ನೌಕೆಯ ಮದ್ದಿನ ಮನೆ ಸಿಡಿದಾಗ ಅದರಲ್ಲಿದ್ದ 1,418 ಜನರಲ್ಲಿ ಬದುಕಿ ಉಳಿದವರು ಮೂವರು. ನೌಕೆ ತಾನಾಗಿ ಸಿಡಿಯದಂತೆ ನೋಡಿಕೊಳ್ಳುವುದೇ ನೌಕಾ ಶಿಲ್ಪಿಗಳ ದೊಡ್ಡ ತಲೆನೋವು: ಗೋಡೆ, ಬಾಗಿಲು, ನೀರು ನುಗ್ಗಿಸುವ ಕೊಳವೆ, ಬೆಂಕಿ ತಗುಲಿದರೂ ಸುಲಭವಾಗಿ ಸಿಡಿಯದ ಮದ್ದು. ಇಷ್ಟೆಲ್ಲ ಮಾಡಿದ ಮೇಲೆ ಒಬ್ಬ ಬಂದು, ಇದನ್ನೆಲ್ಲ ಒಂದೇ ಏಟಿಗೆ ಮೀರುವ ತಂತಿಯೊಂದನ್ನು ಎಳೆಯಿರಿ ಎಂದರೆ, ಎಂಜಿನಿಯರ್ ಅವನನ್ನು ಶತ್ರುವಿನ ಗೂಢಚಾರ ಎಂದುಕೊಂಡಾನು.

ಹಾಗಾದರೆ ನಾವಿಕರು ತಮ್ಮ ಹಡಗನ್ನು ತಾವೇ ನಾಶ ಮಾಡಿದ್ದಿಲ್ಲವೇ? ಬೇಕಾದಷ್ಟು ಸಲ ಮಾಡಿದ್ದಾರೆ. ಆದರೆ ಹೇಗೆ ಎಂದು ನೋಡಿ. 1919ರ ಜೂನ್ 21ರಂದು, ಸ್ಕಾಟ್‌ಲ್ಯಾಂಡಿನ ಉತ್ತರಕ್ಕಿರುವ ಸ್ಕಾಪಾ ಫ್ಲೋ ಎಂಬ ಬಂದರಿನಲ್ಲಿ ಜರ್ಮನಿಯ 74 ಯುದ್ಧನೌಕೆಗಳು ಬ್ರಿಟಿಷರ ಕಾವಲಿನಲ್ಲಿದ್ದವು. ಕಾವಲು ನೌಕೆಗಳಲ್ಲಿ ಹೆಚ್ಚಿನವು ಅಂದು ತಾಲೀಮಿಗೆ ಹೊರಟ ಸಮಯ ನೋಡಿ ಜರ್ಮನ್ ಸೇನಾನಿ ಲುಡ್ವಿಗ್ ಫಾನ್ ರಾಯ್ಟರ್ ಬಾವುಟದ ಸಂಕೇತ ಕೊಟ್ಟ. ನಾವಿಕರು ಹಡಗಿನ ತಳದ ಕವಾಟಗಳನ್ನು ತೆರೆದರು, ದೋಣಿ ಹತ್ತಿದರು. ಸಂಜೆಯಾಗುವಷ್ಟರಲ್ಲಿ 52 ನೌಕೆಗಳು ತಳ ಸೇರಿದ್ದವು. ಸದ್ದಿಲ್ಲ, ಕ್ಷಣಗಣನೆಯಿಲ್ಲ. ಕೆಲಸ ಮಾಡಿದ್ದು ಸಮುದ್ರ; ಮನುಷ್ಯ ಅದಕ್ಕೆ ಬಾಗಿಲು ತೆರೆದ, ಅಷ್ಟೇ.

ಅಂತರಿಕ್ಷದಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಕವಾಟ ತೆರೆದರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ; ನೌಕೆ ಎಲ್ಲಿತ್ತೋ ಅಲ್ಲೇ, ಮೊದಲಿಗಿಂತ ಚೆನ್ನಾಗಿ ಒಣಗಿ ಕೆಡದೆ ಇರುತ್ತದೆ. ಮುಳುಗಲು ತಳವಿಲ್ಲ. ಗ್ರಹದ ಸುತ್ತ ಕೆಳಗಿನ ಕಕ್ಷೆಯಲ್ಲಿದ್ದರೆ ವೇಗವನ್ನು ಸ್ವಲ್ಪ ತಗ್ಗಿಸಿ ವಾತಾವರಣಕ್ಕೆ ಬೀಳಿಸಿ ಸುಡಬಹುದು. ಇದು ನಿಜವಾಗಿ ಪ್ರಯೋಜನಕ್ಕೆ ಬರುವ ಉಪಾಯ. ಸೂರ್ಯನೊಳಗೆ ತಳ್ಳಿಬಿಡುತ್ತೇವೆ ಎಂದು ಬರೆಯುವವರಿಗೆ ಒಂದು ಕಿವಿಮಾತು: ಭೂಮಿಯ ಕಕ್ಷೆಯ ದೂರದಿಂದ ಸೂರ್ಯನಿಗೆ ನೇರವಾಗಿ ಬೀಳಬೇಕಾದರೆ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗವನ್ನು ಕಳೆದುಕೊಳ್ಳಬೇಕು. ಸೌರಮಂಡಲವನ್ನೇ ಬಿಟ್ಟು ಹೋಗಲು ಹೆಚ್ಚುವರಿಯಾಗಿ ಬೇಕಾದದ್ದು ಸೆಕೆಂಡಿಗೆ ಸುಮಾರು 12 ಕಿಲೋಮೀಟರ್ ಮಾತ್ರ. ಸೂರ್ಯನಿಗೆ ಬೀಳುವುದಕ್ಕಿಂತ ಸೂರ್ಯನನ್ನು ಬಿಟ್ಟು ಓಡುವುದು ಅಗ್ಗ. ಸೋತ ನೌಕೆಯಲ್ಲಿ ಅಷ್ಟು ಇಂಧನ ಉಳಿದಿದ್ದರೆ ಅದು ಸೋತಿಲ್ಲ ಎಂದೇ ಅರ್ಥ.

ಸಿಡಿಸಿಯೇ ತೀರುತ್ತೇವೆ ಎನ್ನುವುದಾದರೆ ಲೆಕ್ಕ ಹಾಕೋಣ. 10,000 ಟನ್ ತೂಕದ ನೌಕೆ, ಪೂರ್ತಿ ಉಕ್ಕು ಎಂದಿಟ್ಟುಕೊಳ್ಳಿ. ಕಥೆಗಳಲ್ಲಿ ಬರುವಂತೆ ಚೂರೂ ಉಳಿಯದೆ ಆವಿಯಾಗಬೇಕು. ಒಂದು ಕಿಲೋ ಕಬ್ಬಿಣವನ್ನು ಕಾಯಿಸಿ, ಕರಗಿಸಿ, ಕುದಿಸಿ ಆವಿ ಮಾಡಲು ಸುಮಾರು 8 ಮೆಗಾಜೂಲ್ ಶಕ್ತಿ ಬೇಕು. ಟಿಎನ್‌ಟಿ ಎಂಬ ಸಿಡಿಮದ್ದು ಒಂದು ಕಿಲೋಗೆ ಕೊಡುವುದು ಸುಮಾರು 4.2 ಮೆಗಾಜೂಲ್. ಎಂದರೆ, ಒಂದಿಷ್ಟೂ ಪೋಲಾಗದೆ ಎಲ್ಲ ಶಕ್ತಿಯೂ ಉಕ್ಕಿಗೇ ಹೋದರೂ, 10,000 ಟನ್ ನೌಕೆಗೆ ಸುಮಾರು 19,000 ಟನ್ ಸಿಡಿಮದ್ದು ಬೇಕು. ನೌಕೆಯ ಎರಡರಷ್ಟು ತೂಕದ ಮದ್ದನ್ನು ಅದೇ ನೌಕೆ ಹೊತ್ತು ತಿರುಗಬೇಕು! ಆದ್ದರಿಂದ ಮಾಮೂಲಿ ಸಿಡಿಮದ್ದಿನಿಂದ ಆಗುವುದು ಆವಿಯಲ್ಲ, ಚೂರು. ಚೂರುಗಳನ್ನು ಆರಿಸಿ ಪರೀಕ್ಷಿಸಲು ಶತ್ರುವಿಗೆ ಬೇಕಾದಷ್ಟು ಸಮಯವಿರುತ್ತದೆ. 1939ರ ಡಿಸೆಂಬರ್ 17ರಂದು ಜರ್ಮನ್ ಕಪ್ತಾನ ಹಾನ್ಸ್ ಲಾಂಗ್ಸ್‌ಡಾರ್ಫ್ ತನ್ನ ಗ್ರಾಫ್ ಷ್ಪೇ ನೌಕೆಯನ್ನು ಮಾಂಟೆವಿಡಿಯೋ ಬಂದರಿನ ಹೊರಗೆ ಸಿಡಿಮದ್ದಿಟ್ಟು ನಾಶಮಾಡಿದ. ಜನರನ್ನೆಲ್ಲ ಮೊದಲೇ ಇಳಿಸಿದ್ದ. ಅದು ಅವನ ದೊಡ್ಡತನ. ಆದರೆ ಆಳವಿಲ್ಲದ ನೀರಿನಲ್ಲಿ ಹಡಗಿನ ಮೇಲ್ಭಾಗ ಎದ್ದು ನಿಂತಿತು. ಬ್ರಿಟಿಷರು ಮಧ್ಯವರ್ತಿಯೊಬ್ಬನ ಮೂಲಕ ಅದನ್ನು ಗುಜರಿಯೆಂದು ಖರೀದಿಸಿ, ಮೇಲೆ ಹತ್ತಿ, ಜರ್ಮನಿಯ ರೇಡಾರನ್ನು ಅಧ್ಯಯನ ಮಾಡಿದರು.

ಚೂರುಗಳಿಂದ ಇನ್ನೊಂದು ತೊಂದರೆಯಿದೆ. ಭೂಮಿಯ ಕೆಳಗಿನ ಕಕ್ಷೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್. ಆ ವೇಗದಲ್ಲಿ ಒಂದು ಕಿಲೋ ತೂಕದ ಯಾವುದೇ ವಸ್ತುವಿನಲ್ಲಿ ಸುಮಾರು 30 ಮೆಗಾಜೂಲ್ ಚಲನಶಕ್ತಿ ಇರುತ್ತದೆ. ಅಷ್ಟೇ ತೂಕದ ಟಿಎನ್‌ಟಿಯ ಏಳು ಪಟ್ಟು. 2007ರ ಜನವರಿ 11ರಂದು ಚೀನಾ ತನ್ನದೇ ಒಂದು ಹಳೆಯ ಹವಾಮಾನ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದಾಗ ಗುರುತಿಸಬಹುದಾದಷ್ಟು ದೊಡ್ಡ ಚೂರುಗಳೇ 3,000ಕ್ಕಿಂತ ಹೆಚ್ಚು ಹುಟ್ಟಿಕೊಂಡವು. ಅದು ಸಣ್ಣ ಉಪಗ್ರಹ. ಸ್ವಂತ ಗ್ರಹವನ್ನು ಕಾಯಲು ನಿಂತ 10,000 ಟನ್ ನೌಕೆ ಅಲ್ಲೇ ಸಿಡಿದರೆ, ಶತ್ರು ಮಾಡಬೇಕಾದ ಹಾನಿಯನ್ನು ಅದೇ ಮಾಡಿ ಮುಗಿಸುತ್ತದೆ.

"ನೌಕೆಯ ರಿಯಾಕ್ಟರನ್ನೇ ಸಿಡಿಸಿದರೆ?" ಎಂದು ನೀವು ಕೇಳಬಹುದು. ಪರಮಾಣುಗಳನ್ನು ಒಡೆದು ಶಕ್ತಿ ಪಡೆಯುವ ವಿದಳನದ ರಿಯಾಕ್ಟರ್ ಕರಗಬಹುದು, ಸುತ್ತಲೂ ವಿಷ ಹರಡಬಹುದು. ಪರಮಾಣು ಬಾಂಬಿನಂತೆ ಸಿಡಿಯುವುದಿಲ್ಲ. ಪರಮಾಣುಗಳನ್ನು ಬೆಸೆಯುವ ಸಮ್ಮಿಳನದ ರಿಯಾಕ್ಟರ್ ಅದನ್ನು ಹಿಡಿದಿಟ್ಟ ಕಾಂತಕ್ಷೇತ್ರ ತಪ್ಪಿದ ಕ್ಷಣವೇ ಆರಿಹೋಗುತ್ತದೆ. ದ್ರವ್ಯವನ್ನು ಮುಟ್ಟಿದೊಡನೆ ಅದರೊಂದಿಗೆ ತಾನೂ ಶಕ್ತಿಯಾಗಿಬಿಡುವ ಪ್ರತಿದ್ರವ್ಯದ ಕಥೆ ಮಾತ್ರ ಬೇರೆ. ಒಂದು ಗ್ರಾಂ ಪ್ರತಿದ್ರವ್ಯ ಒಂದು ಗ್ರಾಂ ದ್ರವ್ಯವನ್ನು ಮುಟ್ಟಿದರೆ ಹೊರಡುವ ಶಕ್ತಿ ಸುಮಾರು 43,000 ಟನ್ ಟಿಎನ್‌ಟಿಗೆ ಸಮ. ಅದನ್ನು ಹಿಡಿದಿಡುವ ಕಾಂತಪಾತ್ರೆಗೆ ವಿದ್ಯುತ್ ಒಂದು ಕ್ಷಣವೂ ತಪ್ಪುವಂತಿಲ್ಲ. ಅಂಥ ನೌಕೆಗೆ ಸ್ವಯಂ ವಿನಾಶದ ಗುಂಡಿ ಬೇಡ. ಮಡಿಲಲ್ಲಿ ಕೆಂಡ ಕಟ್ಟಿಕೊಂಡೇ ಹೊರಟಿದೆ. ಅದಕ್ಕೆ ಬೇಕಾದ ಗುಂಡಿ ತದ್ವಿರುದ್ಧವಾದದ್ದು: ಅಪಾಯ ಬಂದಾಗ ಇಂಧನದ ಪಾತ್ರೆಯನ್ನು ದೂರ ಎಸೆಯುವಂಥದ್ದು.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಇಂಥ ಯಾವುದೇ ವ್ಯವಸ್ಥೆಗೆ ಎರಡು ಷರತ್ತುಗಳಿವೆ. ಆಜ್ಞೆ ಕೊಟ್ಟಾಗ ಸಿಡಿಯಲೇಬೇಕು. ಆಜ್ಞೆ ಕೊಡದಿದ್ದಾಗ ಎಂದೂ ಸಿಡಿಯಬಾರದು. ಪರಮಾಣು ಅಸ್ತ್ರಗಳನ್ನು ಕಾಯುವವರಿಗೆ ಇದು ಹಳೆಯ ಸಂಕಟ. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ. ಕಪ್ತಾನನಿಗೆ ಈ ಗುಂಡಿ ಬೇಕಾಗುವುದು ನೌಕೆ ಏಟು ತಿಂದು, ತಂತಿ ಕಡಿದು, ವಿದ್ಯುತ್ ಹೋಗಿ, ಅರ್ಧ ಜನ ಸತ್ತಿರುವಾಗ. ತಂತಿ ಕಡಿದರೆ ಸಿಡಿಯದಂತೆ ಮಾಡಿದರೆ ಬೇಕಾದಾಗ ಕೈಕೊಡುತ್ತದೆ. ತಂತಿ ಕಡಿದರೂ ಸಿಡಿಯುವಂತೆ ಮಾಡಿದರೆ ಶತ್ರುವಿನ ಮೊದಲ ಏಟಿಗೇ ಸಿಡಿಯುತ್ತದೆ.

ಸೋವಿಯತ್ ಒಕ್ಕೂಟ ಇದನ್ನು ಒಂದೇ ತಿಂಗಳಲ್ಲಿ ಎರಡು ಬಗೆಯಲ್ಲಿ ಅನುಭವಿಸಿತು. ಮನುಷ್ಯನನ್ನು ಕಳಿಸುವ ಮೊದಲು ನಾಯಿಗಳನ್ನು ಕಳಿಸುತ್ತಿದ್ದ ಕಾಲ. ನೌಕೆ ಬೇರೆ ದೇಶದ ನೆಲದಲ್ಲಿ ಇಳಿದರೆ ಗುಟ್ಟು ರಟ್ಟಾಗುತ್ತದೆಂದು ಒಳಗೆ ಸಿಡಿಮದ್ದು ಇಡುತ್ತಿದ್ದರು. 1960ರ ಡಿಸೆಂಬರ್ 1ರಂದು ಹಾರಿದ, ಪ್ಚೋಲ್ಕಾ, ಮುಷ್ಕಾ ಎಂಬ ಎರಡು ನಾಯಿಗಳಿದ್ದ ನೌಕೆ ಮರುದಿನ ಹಿಂದಿರುಗುವಾಗ ದಾರಿ ತಪ್ಪಿತು. ವ್ಯವಸ್ಥೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ನಾಯಿಗಳು ನೌಕೆಯೊಂದಿಗೆ ಹೋದವು. ಅದೇ ಡಿಸೆಂಬರ್ 22ರಂದು ಇನ್ನೊಂದು ನೌಕೆ ಕಕ್ಷೆ ತಲುಪಲಾರದೆ ಸೈಬೀರಿಯಾದ ಹಿಮದಲ್ಲಿ ಬಿತ್ತು. ಸಿಡಿಮದ್ದಿನ ಗಡಿಯಾರಕ್ಕೆ 60 ಗಂಟೆಯ ಗಡುವು ಇಟ್ಟಿದ್ದರು. ಹುಡುಕಿ ಹೋದವರು ಮದ್ದಿಗೆ ಹೆದರುತ್ತಲೇ ನೌಕೆಯ ಬಳಿ ಹೋಗಬೇಕಾಯಿತು. ಅದು ಸಿಡಿಯಲಿಲ್ಲ, ಒಳಗಿದ್ದ ಎರಡೂ ನಾಯಿಗಳು ಜೀವಂತ ಸಿಕ್ಕವು. ಮೊದಲನೆಯದು ಯಶಸ್ಸು, ಎರಡನೆಯದು ವೈಫಲ್ಯ ಎಂದು ಕಡತದಲ್ಲಿ ಬರೆಯಬೇಕಾಗುತ್ತದೆ. ನನಗೆ ವೈಫಲ್ಯವೇ ಇಷ್ಟ.

ಕಬ್ಬಿಣ ಸಿಡಿಸಲು ಹೋಗಿ ಗುಟ್ಟು ಕೊಟ್ಟವರ ಉದಾಹರಣೆ ಎಂದು ಆಗಲೇ ಹೇಳಿದ್ದು ಮಾಗ್ಡೆಬುರ್ಗ್ ಎಂಬ ಜರ್ಮನ್ ನೌಕೆಯದು. ಮೊದಲ ಮಹಾಯುದ್ಧ ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ. 1914ರ ಆಗಸ್ಟ್ 26ರಂದು ಮಂಜಿನಲ್ಲಿ ಅದು ಈಗಿನ ಎಸ್ಟೋನಿಯಾದ ಕರಾವಳಿಯ ಸಣ್ಣ ದ್ವೀಪವೊಂದರ ಬಳಿ ನೆಲಕ್ಕೆ ಕಚ್ಚಿಕೊಂಡಿತು. ರಷ್ಯನ್ನರು ಬರುವ ಮೊದಲು ಸಿಡಿಸಿಬಿಡೋಣ ಎಂದು ಮದ್ದು ಇಟ್ಟರು. ಜನ ಇನ್ನೂ ಇಳಿಯುತ್ತಿದ್ದಾಗಲೇ ಮದ್ದು ಅವಧಿಗೆ ಮುಂಚೆ ಸಿಡಿಯಿತು. ನಾವಿಕರು ಸತ್ತರು. ಹಡಗಿನ ಮುಂಭಾಗ ಹಾಳಾಯಿತು. ಸಂಕೇತ ಪುಸ್ತಕಗಳನ್ನು ನಾಶಮಾಡುವ ಕೆಲಸ ಮಾತ್ರ ಅರ್ಧಕ್ಕೇ ನಿಂತಿತ್ತು! ರಷ್ಯನ್ನರಿಗೆ ಅವು ಸಿಕ್ಕವು; ಒಂದು ಪ್ರತಿಯನ್ನು ಬ್ರಿಟನ್ನಿಗೆ ಕೊಟ್ಟರು. ಯುದ್ಧದುದ್ದಕ್ಕೂ ಜರ್ಮನ್ ನೌಕಾಪಡೆಯ ರೇಡಿಯೋ ಸಂದೇಶಗಳನ್ನು ಓದುವ ಬ್ರಿಟಿಷರ ಗುಪ್ತ ಕೋಣೆಯ ಕೆಲಸಕ್ಕೆ ಈ ಪುಸ್ತಕವೇ ದೊಡ್ಡ ಆಧಾರವಾಯಿತು. ಒಂದು ಸಾಧಾರಣ ನೌಕೆ ರಷ್ಯನ್ನರಿಗೆ ಸಿಕ್ಕಿದ್ದರೆ ಜರ್ಮನಿಗೆ ಒಂದು ನೌಕೆಯ ನಷ್ಟ. ಪುಸ್ತಕ ಸಿಕ್ಕಿದ್ದರಿಂದ ಆದ ನಷ್ಟಕ್ಕೆ ಲೆಕ್ಕವಿಲ್ಲ. ಎರಡನೇ ಮಹಾಯುದ್ಧದಲ್ಲೂ, 1941ರ ಮೇ 9ರಂದು, ಯು-110 ಎಂಬ ಜರ್ಮನ್ ಜಲಾಂತರ್ಗಾಮಿಯ ಸಿಬ್ಬಂದಿ ಅದು ಇನ್ನೇನು ಮುಳುಗುತ್ತದೆ ಎಂದುಕೊಂಡು ಬಿಟ್ಟು ಹೊರಬಂದರು. ಅದು ತಕ್ಷಣ ಮುಳುಗಲಿಲ್ಲ. ಬ್ರಿಟಿಷ್ ನಾವಿಕರು ಒಳಗಿಳಿದು, ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಎನಿಗ್ಮಾ ಯಂತ್ರವನ್ನೂ ಪುಸ್ತಕಗಳನ್ನೂ ಹೊತ್ತು ತಂದರು.

ಗುಂಡಿಯನ್ನು ಒತ್ತುವ ಅಧಿಕಾರ ಯಾರಿಗೆ? ಸ್ಟಾರ್ ಟ್ರೆಕ್ ಎಂಬ ಅಂತರಿಕ್ಷ ಕಥೆಯ ಟಿವಿ ಧಾರಾವಾಹಿಯ, 1969ರಲ್ಲಿ ಪ್ರಸಾರವಾದ ಕಂತೊಂದರಲ್ಲಿ ಕಪ್ತಾನ ಮತ್ತು ಇಬ್ಬರು ಅಧಿಕಾರಿಗಳು ಒಬ್ಬರಾದ ಮೇಲೆ ಒಬ್ಬರು ಸಂಕೇತ ಹೇಳಬೇಕು. ದಂಗೆಕೋರನೊಬ್ಬನ ಕೈಗೆ ನೌಕೆ ಸಿಗದಂತೆ ಇದು ತಡೆಯುತ್ತದೆ, ಒಳ್ಳೆಯದೇ. ಆದರೆ ಯುದ್ಧದಲ್ಲಿ ಸೋತ ನೌಕೆಯಲ್ಲಿ ಆ ಮೂವರೂ ಬದುಕಿ, ಎಚ್ಚರವಾಗಿ, ಒಂದೇ ಕೋಣೆಯಲ್ಲಿರುತ್ತಾರೆಯೇ?

ಯಾರೂ ಹೆಚ್ಚು ಚರ್ಚಿಸದ ಇನ್ನೊಂದು ತೊಂದರೆಯಿದೆ. ಈ ಪಡೆಯ ನೌಕೆಗಳು ಕೊನೆಗೆ ಸಿಡಿಯುತ್ತವೆ ಎಂದು ಒಮ್ಮೆ ಹೆಸರಾದರೆ, ಶತ್ರು ಮುಂದೆಂದೂ ಹತ್ತಿರ ಬರುವುದಿಲ್ಲ. ಶರಣಾಗತಿ ಒಪ್ಪುವುದಿಲ್ಲ, ದೂರದಿಂದಲೇ, ಎಲ್ಲರೂ ಸಾಯುವವರೆಗೆ ಹೊಡೆಯುತ್ತಾನೆ. ಜೀವರಕ್ಷಕ ದೋಣಿಗಳಲ್ಲಿ ತೇಲುತ್ತಿರುವ ನಿಮ್ಮ ನಾವಿಕರನ್ನು ಎತ್ತಿಕೊಳ್ಳಲು ಯಾರೂ ಬರುವುದಿಲ್ಲ. ಅಂತರಿಕ್ಷದಲ್ಲಿ ಎತ್ತಿಕೊಳ್ಳುವವರಿಲ್ಲದ ದೋಣಿ ಎಂದರೆ ನಿಧಾನವಾದ ಸಾವು. ಸ್ಕಾಪಾ ಫ್ಲೋನಲ್ಲಿ ಅಂದು ಒಂದೂ ಮದ್ದು ಸಿಡಿದಿರಲಿಲ್ಲ; ಆದರೂ ಸಿಟ್ಟಿಗೆದ್ದ ಬ್ರಿಟಿಷರ ಗುಂಡಿಗೆ ಒಂಬತ್ತು ಜರ್ಮನ್ನರು ಸತ್ತರು.

ಮತ್ತೇನು ಮಾಡಬೇಕು? ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನ್ ನೌಕಾಪಡೆಗೆ ಉತ್ತರ ಗೊತ್ತಿತ್ತು: ಸಂಕೇತ ಪುಸ್ತಕಗಳನ್ನು ನೀರು ತಗುಲಿದರೆ ಅಳಿಸಿಹೋಗುವ ಶಾಯಿಯಲ್ಲಿ ಅಚ್ಚು ಹಾಕಿಸಿತು. ನನ್ನ ಪ್ರಕಾರ ಸ್ವಯಂ ವಿನಾಶ ವ್ಯವಸ್ಥೆ ಎಂದರೆ ಇದು. ಯಾರನ್ನೂ ಕೊಲ್ಲುವುದಿಲ್ಲ, ತಾನಾಗಿ ಸಿಡಿಯುವುದಿಲ್ಲ, ಬಕೆಟ್ ನೀರು ಸಾಕು. ಇಂಥದ್ದು ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಪ್ಯೂಬ್ಲೋ ಸಾಕ್ಷಿ. 1968ರ ಜನವರಿ 23ರಂದು ಉತ್ತರ ಕೊರಿಯಾ ಈ ಬೇಹು ಹಡಗನ್ನು ಹಿಡಿದಾಗ ಒಳಗಿದ್ದವರು ಸುತ್ತಿಗೆಯಿಂದ ಯಂತ್ರಗಳನ್ನು ಜಜ್ಜುತ್ತಿದ್ದರು, ಕಾಗದಗಳನ್ನು ಕೈಗೆ ಸಿಕ್ಕಷ್ಟು ಸುಡುತ್ತಿದ್ದರು. ಕಾಗದ ಟನ್‌ಗಟ್ಟಲೆ ಇತ್ತು, ಸಮಯ ಇರಲಿಲ್ಲ. ಹಡಗು ಇಂದಿಗೂ ಪ್ಯೊಂಗ್ಯಾಂಗ್‌ನಲ್ಲಿ ಪ್ರದರ್ಶನಕ್ಕಿದೆ. 2001ರ ಏಪ್ರಿಲ್ 1ರಂದು ಚೀನಾದ ಹೈನಾನ್ ದ್ವೀಪದಲ್ಲಿ ಇಳಿಯಬೇಕಾಗಿ ಬಂದ ಅಮೆರಿಕದ ಬೇಹು ವಿಮಾನದ ಸಿಬ್ಬಂದಿ ಕಂಪ್ಯೂಟರುಗಳ ಮೇಲೆ ಬಿಸಿ ಕಾಫಿ ಸುರಿದರು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ. ಮುಂದಿನ ಕಾಲದ ನೌಕೆಯಲ್ಲಿ ಎಲ್ಲ ಮಾಹಿತಿಯೂ ಗೂಢಲಿಪಿಯಲ್ಲೇ ಇರುತ್ತದೆ. ಅದನ್ನು ತೆರೆಯುವ ಕೀಲಿ ಒಂದು ಸಣ್ಣ ಸಂಖ್ಯೆ. ಆ ಸಂಖ್ಯೆಯನ್ನು ಅಳಿಸಿದರೆ ಉಳಿದದ್ದೆಲ್ಲ ಕಸ. ನಿಮ್ಮ ಜೇಬಿನ ಮೊಬೈಲ್ ಕೂಡ ಎಲ್ಲವನ್ನೂ ಅಳಿಸು ಎಂದಾಗ ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಸಿಡಿಯುವ ವ್ಯವಸ್ಥೆಗೆ ನ್ಯಾಯವಾದ ಜಾಗವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಮನುಷ್ಯರಿಲ್ಲದ ಕಡೆ ಅದು ಬೇಕೇ ಬೇಕು. 2010ರ ಡಿಸೆಂಬರ್ 25ರಂದು ಶ್ರೀಹರಿಕೋಟಾದಿಂದ ಹಾರಿದ ಜಿಎಸ್‌ಎಲ್‌ವಿ-ಎಫ್06 ರಾಕೆಟ್ ಒಂದು ನಿಮಿಷದೊಳಗೆ ಹತೋಟಿ ತಪ್ಪಿದಾಗ ನೆಲದಿಂದಲೇ ಆಜ್ಞೆ ಕೊಟ್ಟು ಅದನ್ನು ಒಡೆದರು. ಚೂರುಗಳು ಬಂಗಾಳ ಕೊಲ್ಲಿಗೆ ಬಿದ್ದವು. ಇಂಥ ರಾಕೆಟ್ ಜನರಿರುವ ಕಡೆ ಬೀಳಬಾರದು, ಅಷ್ಟೇ ಉದ್ದೇಶ. ಗುಂಡಿ ನೆಲದ ಮೇಲಿರುತ್ತದೆ, ಅದನ್ನು ಒತ್ತುವವನು ರಾಕೆಟ್ಟಿನಲ್ಲಿ ಕುಳಿತಿರುವುದಿಲ್ಲ. ನಮ್ಮ ತಲೆಯ ಮೇಲೆ ದಿನವೂ ಹಾರುವ ವಾಯುನೆಲೆಯ ಹಾಕ್ ತರಬೇತಿ ವಿಮಾನಗಳನ್ನು ನೋಡಿ. ಅವುಗಳ ಗಾಜಿನ ಮುಚ್ಚಳದಲ್ಲಿ ಅಂಕುಡೊಂಕಾಗಿ ಓಡುವ ಒಂದು ಗೆರೆಯಿದೆ. ಅದು ಸಿಡಿಮದ್ದಿನ ಎಳೆ. ಪೈಲಟ್ ಹಿಡಿಕೆ ಎಳೆದಾಗ ಅದು ಸಿಡಿದು ಗಾಜನ್ನು ಒಡೆಯುತ್ತದೆ, ಆಸನ ಅವನನ್ನು ಹೊರಗೆ ಹಾರಿಸುತ್ತದೆ. ಮದ್ದು ಇದೆ, ತಪ್ಪಾಗಿ ಸಿಡಿಯದಂತೆ ಪಿನ್ನುಗಳಿವೆ, ನಿಯಮಗಳಿವೆ. ಅದರ ಗುರಿ ವಿಮಾನವಲ್ಲ, ಮನುಷ್ಯ.

ಸಭೆಯ ಪ್ರಶ್ನೆಗಳು.

"ಸರ್, ಶತ್ರುಗಳು ಆಗಲೇ ನೌಕೆಯೊಳಗೆ ಬಂದಿದ್ದರೆ? ಅವರನ್ನು ಕೊಲ್ಲಲಾದರೂ ಸಿಡಿಸಬೇಕಲ್ಲವೇ?" ಎಂದು ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಕೇಳಿದರು. ಅಂತರಿಕ್ಷದಲ್ಲಿ ಅದಕ್ಕಿಂತ ಅಗ್ಗದ ದಾರಿಗಳಿವೆಯಮ್ಮ. ಅವರಿರುವ ಭಾಗದ ಗಾಳಿಯನ್ನು ಹೊರಗೆ ಬಿಡಬಹುದು, ದೀಪ ಆರಿಸಬಹುದು, ಎಂಜಿನ್ ಹಚ್ಚಿ ನೌಕೆಯನ್ನು ಗಿರ್ರನೆ ತಿರುಗಿಸಿ ಎಲ್ಲರನ್ನೂ ಗೋಡೆಗೆ ಅಂಟಿಸಬಹುದು. ಅವರೂ ಅಂತರಿಕ್ಷದ ಉಡುಪು ತೊಟ್ಟೇ ಬಂದಿರುತ್ತಾರೆ, ನಿಜ. ಆದರೆ ನೌಕೆ ನಿಮ್ಮದು. ಕವಾಟ, ಬಾಗಿಲು, ತಂತಿ ಎಲ್ಲಿದೆ ಎಂದು ಗೊತ್ತಿರುವುದು ನಿಮಗೆ. ಹತ್ತು ಜನ ದಾಳಿಕೋರರಿಗಾಗಿ ಇನ್ನೂರು ಜನ ನಾವಿಕರನ್ನು ಕೊಡುವ ಕಪ್ತಾನನ ಕೈಕೆಳಗೆ ಯಾರು ಕೆಲಸಕ್ಕೆ ಸೇರುತ್ತಾರೆ?

"ನೀವು ಹೇಳಿದ ಹಾಗೆ ಬರೆದರೆ ನನ್ನ ಕಥೆಯ ಕ್ಲೈಮ್ಯಾಕ್ಸ್ ಏನಾಗಬೇಕು?" ಎಂದು ಕೇಳಿದವರು ಕಥೆ ಬರೆಯುವ ಹುಡುಗ. ಸಭೆ ನಕ್ಕಿತು, ಪ್ರಶ್ನೆ ಸರಿಯಾಗಿಯೇ ಇತ್ತು. ಮಾಗ್ಡೆಬುರ್ಗನ್ನು ತೆಗೆದುಕೊಳ್ಳಿ ಎಂದೆ. ಮಂಜು, ನೆಲಕ್ಕೆ ಕಚ್ಚಿದ ಹಡಗು, ದೂರದಲ್ಲಿ ರಷ್ಯನ್ ನೌಕೆಗಳು. ಮದ್ದು ಇಟ್ಟಾಗಿದೆ, ಪುಸ್ತಕಗಳು ಇನ್ನೂ ಒಳಗಿವೆ. ಕಪ್ತಾನನ ಕೋಣೆಯಲ್ಲಿ ಒಂದು, ಸಂಕೇತದ ಕೋಣೆಯಲ್ಲಿ ಒಂದು. ಅವುಗಳನ್ನು ತರಲು ಹೋದ ಹುಡುಗ ಇನ್ನೂ ಬಂದಿಲ್ಲ. ನಿಮ್ಮ ನೌಕೆಯಲ್ಲಿ ಪುಸ್ತಕದ ಬದಲು ಕೀಲಿ ಇರಲಿ; ಮೂರು ಕಡೆ ಮೂರು ಪ್ರತಿಗಳಿರಲಿ. ಎರಡು ಅಳಿಸಿವೆ, ಮೂರನೆಯದಿರುವ ಕೋಣೆಗೆ ಗಾಳಿಯಿಲ್ಲ. ಕ್ಷಣಗಣನೆ ಬೇಕೇ ಬೇಕೆಂದರೆ ಆ ಕೋಣೆಗೆ ಹೋದವನ ಆಮ್ಲಜನಕದ ಮುಳ್ಳಿನಲ್ಲಿ ಇಡಿ.